ಕಾಪು ಕಡಲತೀರದಲ್ಲಿ ಕ್ಯಾಮೆರಾ: ಗರುಡ, ದೀಪಸ್ತಂಭ ಮತ್ತು ಬಿಳುಪಿನ ಲೆಕ್ಕ

ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದ ಕಾಪುವಿನಲ್ಲಿ, ಕಡಲಂಚಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಅದರ ಮೈಮೇಲೆ ಕಪ್ಪು-ಬಿಳಿ ಪಟ್ಟಿ, ಆಕಾಶದಲ್ಲಿ ಸುತ್ತುವ ಗರುಡನ ತಲೆ-ಎದೆ ಅಚ್ಚ ಬಿಳಿ, ಕೆಳಗೆ ನೊರೆ. ಇಲ್ಲಿ ಚಿತ್ರ ಕೆಡುವುದು ಬಹುಪಾಲು ಈ ಬಿಳುಪಿನಿಂದ. ಬೆಳಕು ಹೆಚ್ಚಾಗಿ ಬಿಳಿಯೊಳಗಿನ ವಿವರ ಅಳಿಸಿಹೋದರೆ ಆಮೇಲೆ ತರಲಾಗದು.

ಗರುಡನಿಗೆ ಆಟೋ ಎಕ್ಸ್‌ಪೋಷರ್ (ಎಷ್ಟು ಬೆಳಕು ಬೇಕೆಂದು ಕ್ಯಾಮೆರಾ ತಾನೇ ನಿರ್ಧರಿಸುವುದು) ನಂಬಬೇಡಿ. ಹಿನ್ನೆಲೆ ಆಕಾಶವಾದರೆ ಕ್ಯಾಮೆರಾ ಹಕ್ಕಿಯನ್ನು ಕಪ್ಪಾಗಿಸುತ್ತದೆ, ತೆಂಗಿನ ತೋಟವಾದರೆ ತಲೆಯ ವಿವರವನ್ನು ಅತಿ ಬೆಳಕಿನಲ್ಲಿ ಅಳಿಸುತ್ತದೆ. ಹಕ್ಕಿ ಅದೇ, ಬಿಸಿಲೂ ಅದೇ. ಆದ್ದರಿಂದ ಎಲ್ಲವನ್ನೂ ನೀವೇ ಹೊಂದಿಸುವ ಮ್ಯಾನುಯಲ್ ಮೋಡ್‌ಗೆ ಹೋಗಿ: ಶಟರ್ ಸೆಕೆಂಡಿನ 1/2000, ಲೆನ್ಸಿನ ಕಿಂಡಿ ಎಫ್/6.3, ಬೆಳಕಿನ ಸೂಕ್ಷ್ಮತೆ ಐಎಸ್‌ಒ 400ರಿಂದ ಶುರುಮಾಡಿ. ಒಂದು ಚಿತ್ರ ತೆಗೆದು, ಹೈಲೈಟ್ ಎಚ್ಚರಿಕೆ (ಬೆಳಕು ಅತಿಯಾದ ಜಾಗವನ್ನು ಪರದೆಯಲ್ಲಿ ಮಿಣುಕಿಸಿ ತೋರಿಸುವುದು) ತಲೆಯ ಮೇಲೆ ಮಿಣುಕಿದರೆ ಐಎಸ್‌ಒ ಇಳಿಸಿ. ಮೋಡ ಬಂದಾಗ ಮತ್ತೆ ನೋಡಿ. 300-400 ಮಿ.ಮೀ. ಲೆನ್ಸ್, ಹಾರುವ ಹಕ್ಕಿಯನ್ನು ಹಿಂಬಾಲಿಸುವ ನಿರಂತರ ಫೋಕಸ್ ಬೇಕು. ನಡುಹಗಲಲ್ಲಿ ರೆಕ್ಕೆಯ ಅಡಿಭಾಗ ನೆರಳಲ್ಲಿರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದೇ ಒಳ್ಳೆಯದು. ಗರುಡಗಳ ಗುಂಪೇ ಬೇಕಿದ್ದರೆ ಮಲ್ಪೆ ಬಂದರಿಗೆ, ಬೋಟುಗಳು ಮೀನು ಇಳಿಸುವ ಹೊತ್ತಿಗೆ ಹೋಗಿ. ಜೂನ್-ಜುಲೈ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧದ ಕಾಲ, ಆಗ ಬೇಡ.

ಮರಳಲ್ಲಿ ಬಿಲ ತೋಡುವ ಏಡಿಗೆ ಹೆಜ್ಜೆಯ ಕಂಪನ ಸಾಕು, ಒಳಗೆ ಸೇರುತ್ತದೆ. ಬಿಲದಿಂದ ಎರಡು-ಮೂರು ಮೀಟರ್ ದೂರದಲ್ಲಿ ಮೊಣಕೈ ಊರಿ ಮಲಗಿ, ಹತ್ತು ನಿಮಿಷ ಅಲುಗಾಡಬೇಡಿ. ಬಿಲಕ್ಕೆ ಕಡ್ಡಿ ಹಾಕಿ ಹೊರಡಿಸುವುದು ಕ್ರೌರ್ಯ, ದಯವಿಟ್ಟು ಮಾಡಬೇಡಿ.

ದೀಪಸ್ತಂಭಕ್ಕೆ ಬೆಳಗಿನ ಬಿಸಿಲು ಪೂರ್ವದಿಂದ, ಅಂದರೆ ನಿಮ್ಮ ಬೆನ್ನ ಹಿಂದಿನಿಂದ ಬೀಳುತ್ತದೆ, ಪಟ್ಟಿಗಳು ಸ್ಪಷ್ಟ. ಸಂಜೆ ದಡದಿಂದ ನೋಡಿದರೆ ಬರೀ ಕಪ್ಪು ಆಕೃತಿ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ವಾಲುತ್ತದೆ. ದಡದುದ್ದಕ್ಕೂ ದೂರ ಸರಿದು, ಕ್ಯಾಮೆರಾ ಮಟ್ಟವಾಗಿ ಹಿಡಿದು, ಕೆಳಗಿನ ಹೆಚ್ಚುವರಿ ಮರಳನ್ನು ಆಮೇಲೆ ಕತ್ತರಿಸಿ. ದೀಪ ಬೆಳಗುವುದು ಬೇಕಿದ್ದರೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ನಂತರ ಎಫ್/8, ಐಎಸ್‌ಒ 200, ಹತ್ತು ಸೆಕೆಂಡು ಇಟ್ಟು ನೋಡಿ. ದೀಪ ಮಿನುಗುವ ಅಂತರವನ್ನು ಮೊದಲೇ ಎಣಿಸಿಕೊಳ್ಳಿ, ಶಟರ್ ಅದಕ್ಕಿಂತ ಉದ್ದವಿರಲಿ. ಟ್ರೈಪಾಡ್ ಕಾಲುಗಳನ್ನು ಮರಳೊಳಗೆ ಗಟ್ಟಿಯಾಗಿ ಒತ್ತಿ. ಅಲೆ ತಾಗುವ ಕಡೆ ಇಟ್ಟರೆ ಮರಳು ಜಾರಿ ಕಾಲು ಕುಸಿಯುತ್ತದೆ.

ಲೆನ್ಸ್ ಮೇಲಿನ ಮರಳನ್ನು ಮೊದಲು ಬ್ಲೋವರ್‌ನಿಂದ ಊದಿ, ಆಮೇಲಷ್ಟೇ ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಮರಳಿರುವಾಗಲೇ ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳಬಹುದು.