ಓರ್ಟಾ ತೋಟದ ಚಕ್ರವ್ಯೂಹಕ್ಕೆ ಹೋಗುವವರಿಗೆ

ಬಾರ್ಸಿಲೋನಾಗೆ ಹೋದಾಗ ಅರ್ಧ ದಿನ ಬಿಡುವಿದ್ದರೆ ಓರ್ಟಾದ ಲಾಬಿರಿಂತ್ ಪಾರ್ಕಿಗೆ ಹೋಗಿ ಬನ್ನಿ. ಎತ್ತರದ ಗಿಡದ ಬೇಲಿಗಳ ನಡುವೆ ದಾರಿ ಹುಡುಕಿಕೊಂಡು ಹೋಗುವ ಚಕ್ರವ್ಯೂಹ ಇರುವುದು ಅಲ್ಲೇ. ಆ ಊರಿನಲ್ಲಿ ಉಳಿದಿರುವ ಅತಿ ಹಳೆಯ ತೋಟ ಇದು. ಜುವಾನ್ ಆಂಟೋನಿ ದೆಸ್ವಾಲ್ಸ್ ಎಂಬ ಜಮೀನ್ದಾರ 1791ರಲ್ಲಿ ತನ್ನ ಎಸ್ಟೇಟಿನಲ್ಲಿ ಇದನ್ನು ಶುರು ಮಾಡಿಸಿದ. ನಕ್ಷೆ ಇಟಲಿಯ ದೊಮೆನಿಕೊ ಬಗುತ್ತಿಯದು. ಜನರಿಗೆ ಬಾಗಿಲು ತೆರೆದದ್ದು 1971ರಲ್ಲಿ.

ಮೆಟ್ರೊದ ಹಸಿರು ಲೈನ್ ಹಿಡಿದು ಮುಂದೆತ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸ್ವಲ್ಪ ಏರುದಾರಿ, ನಡೆದೇ ಹೋಗಬಹುದು. ಬೇಲಿ ದುರಸ್ತಿಗೆಂದು ಚಕ್ರವ್ಯೂಹವನ್ನು ಆಗಾಗ ಮುಚ್ಚುತ್ತಾರೆ, ಹೊರಡುವ ಮುಂಚೆ ನಗರಸಭೆಯ ಜಾಲತಾಣ ನೋಡಿಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಒಳ್ಳೆಯದು. ಒಳಗಿನ ದಾರಿ ಕಿರಿದು, ಎದುರಿಗೆ ನಾಲ್ಕು ಜನ ಬಂದರೂ ಪಕ್ಕಕ್ಕೆ ಸರಿಯಬೇಕಾಗುತ್ತದೆ.

ಚಕ್ರವ್ಯೂಹದ ಬಾಗಿಲಲ್ಲೇ ಕಲ್ಲಿನಲ್ಲಿ ಕೆತ್ತಿದ, ಗ್ರೀಕ್ ಪುರಾಣದ ಅರಿಯಾಡ್ನೆ ಮತ್ತು ಥೀಸಿಯಸ್ ಕಾಣುತ್ತಾರೆ. ಚಕ್ರವ್ಯೂಹದೊಳಗೆ ಹೋದ ಥೀಸಿಯಸ್‌ಗೆ ದಾರಿ ತಪ್ಪದಿರಲಿ ಅಂತ ಅರಿಯಾಡ್ನೆ ಕೊಟ್ಟದ್ದು ನೂಲುಂಡೆ. ನಿಮಗೆ ನಿಮ್ಮ ಬಲಗೈ ಸಾಕು. ಬಲಗಡೆಯ ಬೇಲಿಯನ್ನು ಬಾಗಿಲಿನಿಂದಲೇ ಹಿಡಿದು, ಎಲ್ಲೂ ಬಿಡದೆ ನಡೆದರೆ ಹೊರಗಂತೂ ಬಂದೇ ಬರುತ್ತೀರಿ. ಆದರೆ ನಡುವಿನ ಎರೋಸ್ (ಗ್ರೀಕರ ಪ್ರೇಮದೇವತೆ) ವಿಗ್ರಹ ಸಿಗುತ್ತದೆ ಅಂತ ಹೇಳಲಾಗುವುದಿಲ್ಲ. ನಡುವಿನ ಬೇಲಿ ಹೊರಬೇಲಿಗೆ ಕೂಡಿಕೊಂಡಿರದಿದ್ದರೆ ಈ ಉಪಾಯ ಸುಮ್ನೆ ಸುತ್ತಿಸಿ ವಾಪಸ್ ತರುತ್ತದೆ. ಅರ್ಧ ದಾರಿಯಲ್ಲಿ ಶುರು ಮಾಡಿದರೆ ಇನ್ನೂ ಕಷ್ಟ, ಒಂದೇ ತುಂಡು ಬೇಲಿಯನ್ನು ಸುತ್ತುತ್ತಲೇ ಇರಬಹುದು.

ಮೊಣಕಾಲು ನೋವಿದ್ದ ಅಮ್ಮ ನನ್ನ ಜೊತೆ ಒಳಗೆ ಬರಲಿಲ್ಲ. ಮೇಲಿನ ಜಗಲಿಯ ಕಟ್ಟೆ ಹಿಡಿದು ನಿಂತು, ಅಲ್ಲಿಂದಲೇ "ಎಡಕ್ಕೆ! ಎಡಕ್ಕೆ ಕಣೇ!" ಅಂತ ಕೂಗುತ್ತಿದ್ದರು. ನಾನು ಎಡಕ್ಕೆ ತಿರುಗಿದೆ, ದಾರಿ ಮುಚ್ಚಿತ್ತು. ಎರಡು ಸಲ ಹಾಗೇ ಆಯಿತು. ಅವರು ನನ್ನ ಕಡೆ ಮುಖ ಮಾಡಿ ನಿಂತಿದ್ದರು, ಅವರ ಎಡ ನನಗೆ ಬಲ ಅಲ್ವಾ! ಆಮೇಲೆ ಅವರು ಸುಮ್ಮನೆ ಕೈ ಚಾಚಿ ತೋರಿಸತೊಡಗಿದರು. ನಿಮ್ಮ ಜೊತೆ ಹಿರಿಯರಿದ್ದರೆ ಹೀಗೇ ಮಾಡಿ, ಅವರಿಗೂ ಆಟದಲ್ಲಿ ಪಾಲು ಸಿಗುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಬೇಲಿಯ ಸಂದಿನಲ್ಲಿ ನುಗ್ಗಬೇಡಿ. ಒಂದು ಮೂಲೆಯಲ್ಲಿ ಯಾರೋ ನುಗ್ಗಿ ಹೋದ ತೂತು ನೋಡಿದೆ. ಹೊರಗೆ ಬೆರಳಷ್ಟು ದಪ್ಪ ಹಸಿರು, ಒಳಗೆಲ್ಲ ಒಣಗಿದ ಕಂದು ಕಡ್ಡಿ. ಇದು ಸೈಪ್ರೆಸ್ ಮರ. ಹಸಿರಿಲ್ಲದ ಹಳೇ ಕೊಂಬೆಯಿಂದ ಅದು ಮತ್ತೆ ಚಿಗುರುವುದಿಲ್ಲ, ತೂತು ತೂತಾಗಿಯೇ ಉಳಿಯುತ್ತದೆ. ಬೇಕಿದ್ದರೆ ಹೊಸ ಸಸಿ ನೆಟ್ಟು ವರ್ಷಗಟ್ಟಲೆ ಕಾಯಬೇಕು. ಮಕ್ಕಳಿಗೆ ಬಾಗಿಲಲ್ಲೇ ಇದನ್ನು ಹೇಳಿಬಿಡಿ. ದಾರಿ ತಪ್ಪಿದರೆ ಬಂದ ದಾರಿಯಲ್ಲೇ ಹಿಂದೆ ನಡೆಯಿರಿ. ಬೇಲಿಯೆಲ್ಲ ಸೇರಿದರೂ ಸುಮಾರು 750 ಮೀಟರ್ ಅಷ್ಟೇ.