ಬಾಯಾರಿನಲ್ಲಿ ನೀರಿನ ಜಾಡು

ತಿಪಟೂರಿನವನಾದ ನನಗೆ ನೀರೆಂದರೆ ಕೆಳಕ್ಕಿಳಿದು ಹುಡುಕುವ ವಸ್ತು. ತಾತನ ಕಾಲಕ್ಕೆ ತೆರೆದ ಬಾವಿ, ಅಪ್ಪನ ಕಾಲಕ್ಕೆ ಅದೇ ಬಾವಿಯ ತಳದಲ್ಲೊಂದು ಬೋರು, ನನ್ನ ಕಾಲಕ್ಕೆ ಬರೀ ಬೋರು. ತೋಟದಲ್ಲಿ ಈಗ ನೀರೆತ್ತುತ್ತಿರುವುದು ಮೂರನೆಯದು. ಮೊದಲೆರಡರ ಬಾಯಿಗೆ ಚಪ್ಪಡಿ ಎಳೆದು ವರ್ಷಗಳಾದವು. ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದು, ಪಂಪು ಕರೆಂಟಿನ ಹಂಗಿಲ್ಲದೆ ಅಡುಗೆಮನೆಯ ಹಿಂಬಾಗಿಲಿಗೆ ನೀರು ಹರಿಸಿಕೊಳ್ಳುವವರಿದ್ದಾರೆ ಎಂದು ಕೇಳಿದಾಗ, ಹೇಳಿದವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ.

ಕೇಳಿದ್ದು ಕಾಸರಗೋಡಿನಲ್ಲಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಅಲ್ಲಿಗೆ ತೆಂಗಿನ ವಿಷಯ ತಿಳಿಯಲೆಂದು ಹೋಗಿದ್ದೆ. ಊಟಕ್ಕೆ ಪಕ್ಕದಲ್ಲಿ ಕುಳಿತ ಕೃಷಿಕರು ಅದೇ ಜಿಲ್ಲೆಯ ಬಾಯಾರಿನವರು. ಹೆಸರು ಕೇಳಿ ನಕ್ಕೆ. ಅವರೂ ನಕ್ಕು, "ಹೆಸರು ಮಾತ್ರ ಬಾಯಾರು, ಊರಿನಲ್ಲಿ ಮನೆಮನೆಗೆ ಸುರಂಗ ಉಂಟು" ಎಂದರು. ಅದಾದ ಮೇಲೆ ಐದು ಸಲ ಹೋಗಿ ಬಂದಿದ್ದೇನೆ.

ಮೊದಲ ಸಲ ಹೋದದ್ದು ವ್ಯರ್ಥ ಎನ್ನಬೇಕು. ಉಪ್ಪಳದಲ್ಲಿ ರೈಲಿಳಿದು, ಬಸ್ಸು ಹಿಡಿದು, ಬಾಯಾರುಪದವಿನ ಅಂಗಡಿಯೊಂದರಲ್ಲಿ ಚಹಾ ಕುಡಿಯುತ್ತಾ "ಇಲ್ಲಿ ನೋಡಲು ಏನಿದೆ?" ಎಂದು ಕೇಳಿದೆ. ಪಂಚಲಿಂಗೇಶ್ವರ ದೇವಸ್ಥಾನ ಮತ್ತು ಪೊಸಡಿಗುಂಪೆ ಎಂದರು. ಎರಡನ್ನೂ ನೋಡಿದೆ. ಪೊಸಡಿಗುಂಪೆ ಸಾವಿರ ಅಡಿಗಿಂತ ತುಸು ಎತ್ತರದ ಬೋಳು ಗುಡ್ಡ. ತುದಿಯಲ್ಲಿ ನಿಂತರೆ ಪಡುವಣಕ್ಕೆ ಕಡಲಿನ ಗೆರೆ, ಮೂಡಣಕ್ಕೆ ಘಟ್ಟದ ಸಾಲು. ಊರು ಮಾತ್ರ ಕಾಣುವುದಿಲ್ಲ. ಮನೆಗಳೆಲ್ಲ ಗುಡ್ಡಗಳ ನಡುವಿನ ಬೈಲಿನಲ್ಲಿ ಅಡಿಕೆ ಸೋಗೆಯ ಅಡಿಗೆ ಅವಿತಿವೆ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ. ಊರು ನೋಡಿ ಬಂದೆ ಎಂದು ಮನೆಯಲ್ಲಿ ಹೇಳಿಕೊಂಡೆ ಎನ್ನುವುದೇ ಈಗ ನಾಚಿಕೆಯ ವಿಷಯ.

ಎರಡನೆಯ ಸಲ ಪ್ರಶ್ನೆ ಬದಲಿಸಿದೆ: "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?" ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟವರು ಇದುವರೆಗೆ ಯಾರೂ ಸಿಕ್ಕಿಲ್ಲ. ಕೇಳಿದವರು ಎದ್ದು ನಿಲ್ಲುತ್ತಾರೆ, ಹಿತ್ತಿಲಿಗೆ ಕರೆದೊಯ್ಯುತ್ತಾರೆ, ಕೈಚಾಚಿ ಗುಡ್ಡ ತೋರಿಸುತ್ತಾರೆ. ನೀರಿನ ಜತೆಗೇ ಅಣ್ಣತಮ್ಮಂದಿರ ಪಾಲುಪಟ್ಟಿ, ನೆರೆಯವರ ಜಗಳ, ಯಾವ ಅಜ್ಜ ಯಾವ ವರ್ಷ ಎಷ್ಟು ಕೋಲು ತೋಡಿಸಿದ ಎಂಬ ಲೆಕ್ಕ ಎಲ್ಲವೂ ಬರುತ್ತವೆ. ಕೋಲು ಎಂದರೆ ಅಲ್ಲಿನ ಅಳತೆ, ಸುಮಾರು ಎರಡೂವರೆ ಅಡಿ.

ಕ್ರಮೇಣ ನನ್ನದೊಂದು ಪದ್ಧತಿಯಾಯಿತು. ಬೆಳಿಗ್ಗೆ ಪದವಿನಿಂದ ಶುರು. ಪದವು ಎಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲು. ಬೇಸಿಗೆಯಲ್ಲಿ ಕಾದ ಕಾವಲಿ, ಮಳೆಗಾಲದಲ್ಲಿ ಹುಲ್ಲು, ಪುಟ್ಟ ಹೂವು, ಮೊಣಕಾಲುದ್ದದ ನೀರಿನ ಹೊಂಡ. ಅಲ್ಲಿ ಬಿದ್ದ ಮಳೆ ಇಂಗಿ ಎಲ್ಲಿ ಹೊರಬರುತ್ತದೋ ಅಲ್ಲಿಗೆ ಇಳಿಯುವುದು: ಸುರಂಗದ ಬಾಯಿ, ಅದರ ಕೆಳಗೆ ಕೆರೆ ಇಲ್ಲವೇ ಟಾಂಕಿ, ಅದರ ಕೆಳಗೆ ಮನೆ, ಮನೆಯ ಕೆಳಗೆ ತೋಟ, ತೋಟದ ಕೆಳಗೆ ತೋಡು, ಎಂದರೆ ಹಳ್ಳ. ನೀರು ಹೋದ ದಾರಿಯಲ್ಲೇ ಹೋದರೆ ಊರಿನ ಒಳಗು ತಾನಾಗಿ ಸಿಗುತ್ತದೆ, ನಕ್ಷೆ ಬೇಕಿಲ್ಲ. ಮೊಬೈಲಿನ ನಕ್ಷೆಯಲ್ಲಿ ಇಲ್ಲಿನ ಕಾಲುದಾರಿಗಳು ಹೇಗೂ ಇಲ್ಲ.

ಒಂದು ಎಡವಟ್ಟನ್ನೂ ಹೇಳಬೇಕು. ಪದವಿನಿಂದ ನೇರ ಇಳಿದರೆ ಮನೆಯ ಹಿಂಭಾಗಕ್ಕೆ ಬರುತ್ತೀರಿ. ಹಾಗೆ ಇಳಿದವನು, ಫೆಬ್ರವರಿಯ ಒಂದು ಮಧ್ಯಾಹ್ನ, ಚಪ್ಪಲಿ ಕಾಲಿನಲ್ಲೇ ಅಂಗಳದಲ್ಲಿ ಹರಡಿದ್ದ ಅಡಿಕೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಅಡಿಕೆ ಉರುಳಿತು, ನಾನೂ ಉರುಳಿದೆ. ನಾಯಿ ಬೊಗಳಿತು. ಜಗಲಿಯಿಂದ ಹಿರಿಯರೊಬ್ಬರು ಎದ್ದು ಬಂದು ಮೊದಲು ಚಪ್ಪಲಿ ನೋಡಿದರು, ಆಮೇಲೆ ನನ್ನ ಮುಖ. "ಎಲ್ಲಿಂದ ಬಂದದ್ದು?" ಆ ಧ್ವನಿಯಲ್ಲಿ ಅಡಿಕೆ ಕಳ್ಳನನ್ನು ಕೇಳುವ ಗತ್ತಿತ್ತು. ತಪ್ಪಿಲ್ಲ, ನಲವತ್ತು ದಿನ ಬಿಸಿಲಿಗೆ ಹಾಕಿ, ದಿನವೂ ಮಗುಚಿ ಚಾಲಿ ಮಾಡುವ ಫಸಲು ಅದು. ನಮ್ಮ ಅಟ್ಟಕ್ಕೆ ಹೀಗೆ ಯಾರಾದರೂ ನುಗ್ಗಿದ್ದರೆ ನಾನು ಇಷ್ಟು ಮರ್ಯಾದೆಯಿಂದ ಕೇಳುತ್ತಿರಲಿಲ್ಲ.

ತಿಪಟೂರು, ತೆಂಗು, ಸುರಂಗ ಎಂದು ತೊದಲಿದೆ. ಅವರ ಮುಖ ಸಡಿಲಾಯಿತು. ಒಳಗಿನಿಂದ ಬೆಲ್ಲ ಮತ್ತು ತಂಬಿಗೆ ನೀರು ಬಂತು. "ಮೊದಲು ಆಸರಿಗೆ ಕುಡಿಯಿರಿ, ಮಾಷ್ಟ್ರೇ." ಆಸರು ಎಂದರೆ ಬಾಯಾರಿಕೆ. ನಾನು ಮಾಷ್ಟ್ರಲ್ಲ ಎಂದು ಎಷ್ಟು ಸಲ ಹೇಳಿದರೂ ಆ ಮನೆಯಲ್ಲಿ ಇವತ್ತಿಗೂ ನಾನು ಮಾಷ್ಟ್ರೇ. ಚೀಲ ಹೆಗಲಿಗೇರಿಸಿ ಪುಸ್ತಕದಲ್ಲಿ ಬರೆದುಕೊಳ್ಳುವವನು ಸರ್ವೆಯವನಲ್ಲವೆಂದಾದರೆ ಮಾಷ್ಟ್ರಾಗಿರಲೇಬೇಕು ಎಂಬುದು ಅವರ ತರ್ಕ.

ಅವರೇ, ಅಜ್ಜ ಎಂದೇ ಕರೆಯುತ್ತೇನೆ, ಮರುದಿನ ಸುರಂಗಕ್ಕೆ ಕರೆದೊಯ್ದರು. ನಾನು ಹಣೆಗೆ ಕಟ್ಟುವ ಟಾರ್ಚು ತಂದಿದ್ದೆ. ಅಜ್ಜ ಜೇಬಿನಿಂದ ಮೋಂಬತ್ತಿ ತೆಗೆದರು. ಟಾರ್ಚು ಇದೆಯಲ್ಲ ಎಂದೆ. "ಟಾರ್ಚು ಗಾಳಿ ಇಲ್ಲದ ಕಡೆಯೂ ಉರಿಯುತ್ತದೆ" ಎಂದು ಮೋಂಬತ್ತಿ ಹಚ್ಚಿ ಮುಂದೆ ಹೋದರು. ಬತ್ತಿ ಸಣ್ಣಗಾದರೆ ಮರುಮಾತಿಲ್ಲದೆ ಹಿಂದಕ್ಕೆ ತಿರುಗಬೇಕು. ಉದ್ದದ ಸುರಂಗಗಳಿಗೆ ನಡುವೆ ಮೇಲಿನಿಂದ ಬಾವಿಯ ಹಾಗೆ ತೋಡಿ ಗಾಳಿಗೆ ದಾರಿ ಮಾಡಿರುತ್ತಾರೆ. ಇದು ಅರವತ್ತು ಕೋಲಿನದು, ಅಂಥದ್ದೇನೂ ಇರಲಿಲ್ಲ.

ಬಾಯಿಯಲ್ಲಿ ಜರಿಗಿಡ. ಎರಡು ಹೆಜ್ಜೆಗೇ ಬಿಸಿಲು ಬಿದ್ದುಹೋಯಿತು. ಅಗಲ ಎಷ್ಟೆಂದರೆ ಎರಡು ಭುಜವೂ ಗೋಡೆಗೆ ತಾಗುತ್ತವೆ. ಎದುರಿನಿಂದ ಇನ್ನೊಬ್ಬರು ಬಂದರೆ ಒಬ್ಬರು ಹಿಮ್ಮುಖ ನಡೆಯಬೇಕು. ಎತ್ತರದಲ್ಲಿ ಅಜ್ಜನಿಗೆ ಸರಿಹೋಗುತ್ತದೆ, ನನಗೆ ತಲೆ ತಗ್ಗಿಸಬೇಕು. ಗೋಡೆಯ ಮೇಲೆ ಪಿಕ್ಕಾಸಿನ ಗುರುತುಗಳು ಹಾಗೆಯೇ ಇವೆ, ಒಂದೇ ಕೈ ಒಂದೇ ಲಯದಲ್ಲಿ ಹೊಡೆದದ್ದು. ಅವು ಎಡಕ್ಕೆ ವಾಲಿವೆ. ತೋಡಿದವರು ಎಡಗೈಯವರು ಎಂದರು ಅಜ್ಜ. ಒಬ್ಬರು ಅಗೆಯುವುದು, ಇನ್ನೊಬ್ಬರು ಮಣ್ಣು ಬುಟ್ಟಿಯಲ್ಲಿ ಹೊರಗೆ ಸಾಗಿಸುವುದು. ತಳ ಒಳಗಿನಿಂದ ಹೊರಗೆ ಸ್ವಲ್ಪವೇ ಇಳಿಜಾರಿರಬೇಕು. ಇಲ್ಲದಿದ್ದರೆ ನೀರು ಒಳಗೇ ನಿಲ್ಲುತ್ತದೆ. ಪಾದ ಮುಳುಗುವಷ್ಟು ನೀರು, ಮಾರ್ಚ್ ಹತ್ತಿರ ಬಂದಿದ್ದರೂ ಹಲ್ಲು ಕಡಿಯುವಷ್ಟು ತಣ್ಣಗೆ. ಎಲ್ಲಿಂದಲೋ ಬಾವಲಿಯೊಂದು ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ತುದಿಯಲ್ಲಿ ನಾನು ಚಿಲುಮೆಯನ್ನು ನಿರೀಕ್ಷಿಸಿದ್ದೆ. ಅಂಥದ್ದೇನಿಲ್ಲ. ಮೇಲೆ ತೂತುತೂತಿನ ಕೆಂಪು ಮುರಕಲ್ಲು, ಅದರಡಿಗೆ ಬಿಳಿ ನೇರಳೆ ಬಣ್ಣದ ನುಣುಪು ಜೇಡಿ. ಅಲ್ಲಿ ಅದನ್ನು ಶೇಡಿ ಎನ್ನುತ್ತಾರೆ. ಮುರಕಲ್ಲು ನೀರನ್ನು ಕೆಳಗೆ ಬಿಡುತ್ತದೆ, ಶೇಡಿ ಬಿಡುವುದಿಲ್ಲ. ಎರಡರ ಸಂದಿಯಲ್ಲಿ ನೀರು ಬೆವರಿನಂತೆ ಒಸರುತ್ತದೆ. ಶೇಡಿಯೊಳಗೆ ತೋಡಹೋದರೆ ಕುಸಿತ. ಅಜ್ಜ ಚೆಂಬು ಹಿಡಿದರು. ಅದು ತುಂಬಲು ನಾನು ನೂರೆಂಬತ್ತರವರೆಗೆ ಎಣಿಸಿದೆ. ಇಷ್ಟರಲ್ಲಿ ತೋಟ ಹೇಗೆ ಎಂದು ಕೇಳಿದೆ. "ಅದು ರಾತ್ರಿಯೂ ನಿಲ್ಲುವುದಿಲ್ಲವಲ್ಲ." ಬಾಯಿಯ ಹತ್ತಿರ ಮಣ್ಣಿನ ಸಣ್ಣ ಕಟ್ಟೆ, ಅದರಿಂದ ಪೈಪು. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತಂತೆ. ದಂಬೆಯ ಒಂದು ತುಂಡು ಈಗಲೂ ಕೊಟ್ಟಿಗೆಯಲ್ಲಿ ದನದ ಮೇವಿಗೆ ಬಿದ್ದಿತ್ತು.

ಸುರಂಗ ನೋಡಬೇಕೆನ್ನುವವರಿಗೆ ಇಷ್ಟೇ ಹೇಳುತ್ತೇನೆ: ಮನೆಯವರಿಲ್ಲದೆ ಒಳಗೆ ಹೋಗಬೇಡಿ, ಮಳೆಗಾಲದಲ್ಲಿ ಹೋಗಲೇಬೇಡಿ, ಸೋಪು ಹಚ್ಚಿದ ಕೈಕಾಲು ಒಳಗೆ ಅದ್ದಬೇಡಿ. ಅದು ಅವರ ಕುಡಿಯುವ ನೀರು.

ವಸತಿಯ ವಿಷಯ. ಊರಿನಲ್ಲಿ ಲಾಡ್ಜಿಲ್ಲ, ಉಪ್ಪಳ ಅಥವಾ ಕಾಸರಗೋಡಿನಲ್ಲಿ ಉಳಿದು ಬೆಳಗಿನ ಬಸ್ಸಿಗೆ ಬರಬೇಕು. ಮೂರನೆಯ ಸಲದಿಂದ ನಾನು ಅಜ್ಜನ ಮನೆಯ ಚಾವಡಿಯಲ್ಲೇ ಉಳಿದೆ. ದುಡ್ಡು ಕೊಡಹೋದರೆ ಬೇಸರ ಮಾಡಿಕೊಳ್ಳುತ್ತಾರೆ, ಹಾಗೆಂದು ಬರಿಗೈಯಲ್ಲಿ ಹೋಗುವುದೂ ಸರಿಯಲ್ಲ. ತೆಂಗಿನ ನಾಡಿಗೆ ಕೊಬ್ಬರಿ ಒಯ್ದೆ! ಆದರೆ ಅವರದು ಎಣ್ಣೆಗೆಂದು ಒಡೆದು ಒಣಗಿಸುವ ಕೊಬ್ಬರಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿಯೊಳಗೇ ಒಣಗುವ ನಮ್ಮ ಉಂಡೆ ಕೊಬ್ಬರಿ ಅವರಿಗೆ ಹೊಸದು. ಕೈಯಲ್ಲಿ ಅಲ್ಲಾಡಿಸಿ, ಕಿವಿಗೆ ಹಿಡಿದು ನೋಡಿದರು. ಬರುವಾಗ ಅಕ್ಕ, ಅಜ್ಜನ ಸೊಸೆ, ಹಲಸಿನ ಹಪ್ಪಳವನ್ನೂ ಒಂದು ಭರಣಿ ಉಪ್ಪು ಸೊಳೆಯನ್ನೂ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಕಟ್ಟಿಕೊಟ್ಟರು. ಉಪ್ಪು ಸೊಳೆಯನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಬೇಕೆಂದು ಹೇಳಿದ್ದು ನನಗೆ ಮರೆತು, ಮನೆಯವರೆಲ್ಲ ಒಂದೊಂದು ತುತ್ತಿಗೆ ಎದ್ದುಹೋದರು.

ಭಾಷೆಯ ಭಯ ಬೇಡ. ಉಪ್ಪಳದ ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸೀಟಿನವರಿಗೆ ಮಲಯಾಳದಲ್ಲಿ ಚಿಲ್ಲರೆ ಕೊಟ್ಟು, ಪಕ್ಕದವರಿಗೆ ತುಳುವಿನಲ್ಲಿ ಗದರಿ, ನನಗೆ ಕನ್ನಡದಲ್ಲಿ ಟಿಕೇಟು ಹರಿದರು. ಮನೆಗಳೊಳಗೆ ಹವ್ಯಕ ಕನ್ನಡ, ಕರಾಡರ ಭಾಷೆ, ಬ್ಯಾರಿ, ಮರಾಟಿ, ಕೊಂಕಣಿ. ಬಸ್ಸಿನ ಫಲಕ ಮಾತ್ರ ಬಹುತೇಕ ಮಲಯಾಳದಲ್ಲಿರುತ್ತದೆ. ಉಪ್ಪಳ, ಬಾಯಾರು, ಪೆರ್ಲ, ಬದಿಯಡ್ಕ, ಈ ನಾಲ್ಕು ಹೆಸರುಗಳನ್ನು ಆ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡೆ. ಮೂರನೆಯ ಸಲಕ್ಕೆ ಚೀಟಿ ಬೇಕಾಗಲಿಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ್ದರ ಬಗ್ಗೆ ಅಜ್ಜ ತಾವಾಗಿ ಒಮ್ಮೆಯೂ ಮಾತೆತ್ತಲಿಲ್ಲ. ನಾನು ಕೆದಕಿದಾಗ, "ನಿಮ್ಮ ಕಡೆಯವರು ಬಂದು ಭಾಷಣ ಮಾಡಿ ರಾತ್ರಿ ಬಸ್ಸಿಗೆ ಹೋಗುತ್ತಾರೆ. ನೀವು ಉಳಿದಿರಲ್ಲ, ಮಲಗಿ" ಎಂದು ದೀಪ ಆರಿಸಿದರು.

ನಡುವೆ ಒಂದು ದಿನ ಪೆರ್ಲದಿಂದ ಸ್ವರ್ಗ, ಪಡ್ರೆಯ ಕಡೆಗೂ ನಡೆದೆ. ಅಲ್ಲಿನ ಹೆಸರಿನ ವ್ಯಂಗ್ಯವನ್ನು ಬಂದವರೆಲ್ಲ ಬರೆದಾಗಿದೆ. ಗುಡ್ಡದ ಮೇಲಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಕೆಳಗೆ ಇಳಿದದ್ದೂ ಇದೇ ನೀರಿನ ದಾರಿಯಲ್ಲಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಅಲ್ಲಿ ನಾನು ಕ್ಯಾಮೆರಾ ಚೀಲದಿಂದ ತೆಗೆಯಲಿಲ್ಲ, ಯಾರ ಮನೆಗೂ ನೀರು ಎಲ್ಲಿಂದ ಎಂದು ಕೇಳಲಿಲ್ಲ.

ನಾಲ್ಕನೆಯ ಸಲ, ಏಪ್ರಿಲ್. ಪದವಿನ ಮೇಲೆ ನಿಂತಿದ್ದ ಲಾರಿಯನ್ನು ದೂರದಿಂದಲೇ ಗುರುತಿಸಿದೆ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ, ಬೋರು ಕೊರೆಯುವ ಈ ಲಾರಿಗಳನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅಜ್ಜನ ನೆರೆಯವರು ಬೋರು ಕೊರೆಸುತ್ತಿದ್ದರು. ಬೋರಿನ ಊರಿನಿಂದ ಬಂದವನೆಂದು ನನ್ನನ್ನೇ ಕರೆದು ಅಭಿಪ್ರಾಯ ಕೇಳಿದರು. ನನ್ನ ಮೂರು ಬೋರುಗಳ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, "ನಿಮಗೆ ಸುರಂಗ ನೋಡಲು ಚಂದ. ನನ್ನದು ಫೆಬ್ರವರಿಯಲ್ಲೇ ನಿಂತಿದೆ, ಎರಡು ಎಕರೆ ಅಡಿಕೆ ಉಂಟು" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಕಡೆಯ ಮಳೆಗಿಂತ ಐದಾರು ಪಟ್ಟು ಹೆಚ್ಚು, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಊರು. ಆದರೂ ಆ ನೀರು ಕಡಲಿಗೆ ಓಡುವ ಅವಸರದಲ್ಲಿರುತ್ತದೆ.

ಐದನೆಯ ಸಲ ಹೋದದ್ದು ಡಿಸೆಂಬರಿನಲ್ಲಿ, ಅಜ್ಜ ಫೋನು ಮಾಡಿ ಕರೆದಿದ್ದರಿಂದ. ತೋಡಿಗೆ ಕಟ್ಟ ಹಾಕುವ ದಿನ. ಕಟ್ಟ ಎಂದರೆ ಹರಿವು ತೆಳುವಾಗುವ ಮುನ್ನ ಕಲ್ಲು, ಮಣ್ಣು, ಅಡಿಕೆ ಮರ ಸೇರಿಸಿ ಕಟ್ಟುವ ತಾತ್ಕಾಲಿಕ ಒಡ್ಡು. ಈಗ ನಡುವೆ ಪ್ಲಾಸ್ಟಿಕ್ ಹಾಳೆಯೂ ಇರುತ್ತದೆ. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿಹೋಗುತ್ತದೆ, ಹೋಗಬೇಕಾದದ್ದೂ ಹಾಗೆಯೇ. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡ ಮುಟ್ಟುವಂತೆ ಸಾಲಾಗಿ ಹಾಕಿದರೆ ಎರಡೂ ಬದಿಯ ತೋಟಕ್ಕೆ ಇಂಗುತ್ತದೆ. ಬೋರು ಕೊರೆಸಿದ ನೆರೆಯವರೂ ಮುಂಡು ಎತ್ತಿ ಕಟ್ಟಿ ನೀರಿಗಿಳಿದಿದ್ದರು. ನನ್ನ ಪಾಲಿಗೆ ಬಂದದ್ದು ಮಣ್ಣಿನ ಬುಟ್ಟಿ. ಹತ್ತನೆಯ ಬುಟ್ಟಿಗೆ ಸೊಂಟ ಹಿಡಿಯಿತು. ಹದಿಮೂರನೆಯದಕ್ಕೆ ಬಡ್ತಿ ಕೊಟ್ಟು ಕಲ್ಲುಗಳ ಸಂದಿಗೆ ಸೊಪ್ಪು ತುಂಬುವ ಕೆಲಸಕ್ಕೆ ಹಾಕಿದರು. ಸಂಜೆ ಅಡಿಕೆ ಸಲಾಕೆಯೊಂದನ್ನು ನೀರಿನಲ್ಲಿ ನೆಟ್ಟು, ನೀರಿಗಿಂತ ಎರಡು ಗೇಣು ಮೇಲೆ ಕತ್ತಿಯಿಂದ ಗೀಟು ಹಾಕಿ, ಇಲ್ಲಿಯವರೆಗೆ ಏರುತ್ತದೆಯೇ ಎಂದು ಕೇಳಿದೆ. ಅಜ್ಜ ತೋಡಿನ ಮೇಲ್ಗಡೆ ನೋಡಿದರು, ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಒಂಬತ್ತನೆಯ ದಿನ, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಿನ ಗದ್ದಲದ ನಡುವೆ ಫೋನು ಬಂತು. ಎರಡು ಸಲ ಕೇಳಿಸಲಿಲ್ಲ. ಮೂರನೆಯ ಸಲ ಅಜ್ಜ ಕೂಗಿಯೇ ಹೇಳಿದರು: "ಮಾಷ್ಟ್ರೇ, ನಿಮ್ಮ ಗೀಟು ಮುಳುಗಿತು."