ಜಾನಪದ ಬ್ಯಾಂಡ್ ಕಟ್ಟಬೇಕಾ? ಗಿಟಾರ್‌ನವನನ್ನು ಆಮೇಲೆ ಹುಡುಕಿ

ಜಾನಪದ ಬ್ಯಾಂಡ್ ಕಟ್ಟೋಣ ಅಂತ ಹೊರಟವರು ಮೊದಲು ಹೆಸರು ಇಡುತ್ತಾರೆ. ಆಮೇಲೆ ಗಿಟಾರ್‌ನವನನ್ನು ಹಿಡಿಯುತ್ತಾರೆ, ಆಮೇಲೆ ಡ್ರಮ್ಸು, ಬೇಸು, ಕೀಬೋರ್ಡು, ಎಲ್ಲ ಸೇರಿದ ಮೇಲೆ "ಯಾರಾದ್ರೂ ಹಳ್ಳಿ ಹಾಡು ಹೇಳೋರು ಸಿಗ್ತಾರಾ?" ಅಂತ ಕೇಳುತ್ತಾ ಓಡಾಡುತ್ತಾರೆ. ನಾವೂ ಹಾಗೇ ಶುರು ಮಾಡಿದ್ದು. ಆರು ತಿಂಗಳಾದರೂ ಪೂರ್ತಿ ಒಂದು ಹಾಡು ಸರಿಯಾಗಿ ಕೂರಲಿಲ್ಲ.

ಉಲ್ಟಾ ಮಾಡಿ. ಮೊದಲು ಒಬ್ಬ ಹಾಡುಗಾರರು ಬೇಕು, ಅವರು ಬಿಟ್ಟ ಸಾಲನ್ನು ಎತ್ತಿಕೊಳ್ಳುವ ಇಬ್ಬರು ಬೇಕು. ಶುರುವಿಗೆ ಅಷ್ಟು ಸಾಕು. ನಮ್ಮ ಜಾನಪದ ಹಾಡುಗಳಲ್ಲಿ ಜಾಸ್ತಿ ಪಾಲು ಗುಂಪಿನಲ್ಲಿ ಹಾಡುವಂಥವು. ಸೋಬಾನೆಯಲ್ಲಿ ಒಬ್ಬಾಕೆ ಹೇಳುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಗೀಗೀ ಪದದಲ್ಲಿ ಮುಂದಿನವರು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹಿಂದಿನವರು 'ಗೀಯ ಗೀಯ' ಅಂತ ಎತ್ತಿಬಿಡುತ್ತಾರೆ. ಭಜನೆಯಲ್ಲಿ ತತ್ವಪದ ಹಾಡುವಾಗಲೂ ಇದೇ ಕ್ರಮ. ಹಾಗಾಗಿ ತಂಡಕ್ಕೆ ಬರುವ ಪ್ರತಿಯೊಬ್ಬರೂ ಬಾಯಿ ಬಿಡಬೇಕು, ತಬಲಾದವರೂ ಸೇರಿ. ಮೊದಲ ನಾಲ್ಕು ದಿನ ವಾದ್ಯ ಮುಟ್ಟಲೇಬೇಡಿ, ಬರೀ ಚಪ್ಪಾಳೆ ತಟ್ಟಿಕೊಂಡು ಹಾಡಿ. ಹಾಡು ಅಷ್ಟರಲ್ಲೇ ತನ್ನ ಕಾಲ ಮೇಲೆ ನಿಂತರೆ ಸರಿ. ನಿಲ್ಲದಿದ್ದರೆ ಮೇಲೆ ಏನು ಸುರಿದರೂ ಅಷ್ಟೇ.

ಹಾಡುಗಾರರನ್ನು ಎಲ್ಲಿ ಹುಡುಕುವುದು? ಮೊಬೈಲ್ ಕೆಳಗಿಡಿ. ನಿಮ್ಮ ಬಡಾವಣೆಯ ಗುಡಿಯಲ್ಲೇ ವಾರದ ಭಜನೆ ನಡೆಯುತ್ತಿರಬಹುದು, ಹೋಗಿ ಕೂತುಕೊಳ್ಳಿ. ರಾಮನಗರದ ಹತ್ತಿರ ಜಾನಪದ ಲೋಕ ಅನ್ನುವ ಜಾನಪದ ಕಲೆಗಳ ವಸ್ತುಸಂಗ್ರಹಾಲಯ ಇದೆ, ಅಲ್ಲೂ ವಿಚಾರಿಸಿ. ಜನವರಿ ಹೊತ್ತಿಗೆ ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರು ಜಾತ್ರೆಗೆ ಹೋದರೆ, ನೀಲಗಾರರು ಅನ್ನುವ ಹಾಡುಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಸಂತ ಮಂಟೇಸ್ವಾಮಿ, ಅವರ ಶಿಷ್ಯ ಸಿದ್ದಪ್ಪಾಜಿಯ ಕಥೆ ಹಾಡುವುದನ್ನು ಕೇಳಬಹುದು. ಆದರೆ ಒಂದು ಮಾತು: ನೀಲಗಾರರು ದೀಕ್ಷೆ ಪಡೆದವರು, ಕಂಸಾಳೆ ಅನ್ನುವ ಕಂಚಿನ ತಾಳ ಹಿಡಿಯುವ, ಮಾದೇಶ್ವರನ ಭಕ್ತರಾದ ದೇವರ ಗುಡ್ಡರೂ ಹಾಗೇ. ಅವರಿಗೆ ಅದು ದೇವರ ಕೆಲಸ. ಸ್ಟೇಜ್ ಮೇಲೆ ಚೆನ್ನಾಗಿ ಕಾಣುತ್ತೆ ಅಂತ ಕಂಸಾಳೆ ಕೊಂಡು ತಂದು ಬೀಸುವ ಮೊದಲು ಅವರನ್ನೇ ಕೇಳಿ. ಬೇಡ ಅಂದರೆ ಬಿಡಿ, ಹಾಡುಗಳಿಗೇನು ಬರವೇ?

ವಾದ್ಯ ಕಡಿಮೆ ಇರಲಿ. ಏಕತಾರಿ, ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಸಣ್ಣ ಚರ್ಮವಾದ್ಯ), ತಾಳ, ಹಾರ್ಮೋನಿಯಂ, ಒಂದು ತಮಟೆ. ತಮಟೆ ಇದ್ದರೆ ಡ್ರಮ್ ಕಿಟ್ ಬೇಡ ಅನ್ನುವುದು ನನ್ನ ಹಟ, ಎರಡೂ ಸೇರಿದರೆ ಹಾಡಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಡೊಳ್ಳು ಬಯಲಿಗೆ ಹೇಳಿ ಮಾಡಿಸಿದ್ದು, ಮನೆಯ ಹಾಲ್‌ನಲ್ಲಿ ಪ್ರಾಕ್ಟೀಸ್ ಮಾಡಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಇನ್ನು ಚರ್ಮದ ತಮಟೆ ತೇವಕ್ಕೆ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೇನೇ ನಾದ. ಒಂದು ಮಳೆಗಾಲದಲ್ಲಿ ದೊಡ್ಡ ಕಂಪನಿಯೊಂದರ ಕಾರ್ಯಕ್ರಮಕ್ಕೆ ಹೋಗಿದ್ದೆವು, ಹಾಲ್ ಒಳಗೆ ಬೆಂಕಿ ಹಚ್ಚುವಂತಿಲ್ಲ, ಪಾರ್ಕಿಂಗ್ ಜಾಗದಲ್ಲಿ ಹಳೇ ಪೇಪರ್ ಸುಟ್ಟು ಕಾಯಿಸುತ್ತಿದ್ದರೆ ಸೆಕ್ಯೂರಿಟಿಯವರು ನೀರಿನ ಬಕೆಟ್ ಹಿಡಿದು ಓಡಿ ಬಂದರು. ಅವತ್ತಿನಿಂದ ಫೈಬರ್ ತಮಟೆಯೊಂದನ್ನೂ ಜೊತೆಗೆ ಇಟ್ಟುಕೊಳ್ಳುತ್ತೇವೆ. ನಾದ ಅಷ್ಟಕ್ಕಷ್ಟೇ, ಆದರೆ ಮಾನ ಉಳಿಸುತ್ತದೆ.

ಶ್ರುತಿ ವಿಷಯದಲ್ಲಿ ಜಗಳ ಆಗಿಯೇ ಆಗುತ್ತದೆ. ಹಾಡುಗಾರರು ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹಾಡುತ್ತಿದ್ದರೆ, ಗಿಟಾರ್‌ಗೆ ಸುಲಭ ಅಂತ ಅದರ ಕೆಳಗಿನ ಬಿಳಿ ಒಂದಕ್ಕೆ ಇಳಿಸಬೇಡಿ. ಗಿಟಾರಿನ ಮೊದಲ ಮನೆಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಮುಗಿಯಿತು. ಮತ್ತೆ, ಭಜನೆ ಪದ ಕೊನೆಗೆ ಬರುತ್ತಾ ಬರುತ್ತಾ ಓಟ ಕೀಳುತ್ತದೆ. ಅದು ತಪ್ಪಲ್ಲ. ಟಿಕ್ ಟಿಕ್ ಅಂತ ಒಂದೇ ಲಯ ಹೊಡೆಯುವ ಮೆಟ್ರೋನೋಮ್ ಇಟ್ಟು ಅದನ್ನು ಕಟ್ಟಿಹಾಕಿದರೆ ಹಾಡು ಸಪ್ಪೆ.

ಯಾವ ಹಾಡು ಎತ್ತಿಕೊಳ್ಳಬಹುದು ಅನ್ನುವುದನ್ನೂ ನೋಡಿಕೊಳ್ಳಿ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದಗಳಿಗೆ ಯಾರ ಅನುಮತಿಯೂ ಬೇಡ. ಆದರೆ ಬೇಂದ್ರೆಯವರ ಪದ್ಯಗಳನ್ನೂ ಜಾನಪದ ಅಂದುಕೊಂಡು ಹಾಡುವವರು ಎಷ್ಟೋ ಜನ! ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ಹೋಗಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೂ ಕೇಳಿಯೇ ರೆಕಾರ್ಡ್ ಮಾಡಬೇಕು. ಹಳೇ ಪದವೇ ಆದರೂ ಯಾರೋ ಕ್ಯಾಸೆಟ್‌ನಲ್ಲಿ ಮಾಡಿದ ಮ್ಯೂಸಿಕ್ ಅನ್ನು ಹಾಗೇ ಎತ್ತುವಂತಿಲ್ಲ. ಯಾವುದೋ ಊರಿನ ಅಜ್ಜಿ ಹೇಳಿಕೊಟ್ಟ ಹಾಡಿಗೆ ಕಾನೂನು ಏನೇ ಹೇಳಲಿ, ಆಕೆಯ ಹೆಸರನ್ನು ಸ್ಟೇಜ್ ಮೇಲೆ ಹೇಳಿ, ದುಡ್ಡು ಬಂದರೆ ಪಾಲು ಕಳಿಸಿ.

ದುಡ್ಡು ಅಂದೆನಲ್ಲ, ಅದನ್ನು ಮೊದಲ ದಿನವೇ ಮಾತಾಡಿಬಿಡಿ. ಎಷ್ಟೋ ತಂಡಗಳಲ್ಲಿ ಗಿಟಾರ್‌ನವನು 'ಮೆಂಬರ್', ತಮಟೆಯವರು 'ಕರೆಸಿದವರು', ಅವರಿಗೆ ದಿನಗೂಲಿ ಲೆಕ್ಕ. ತಮಟೆ ಬಾರಿಸುವವರು ಬಹಳ ಕಡೆ ದಲಿತ ಕೇರಿಯವರು, ಈ ಭೇದ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ನಮ್ಮ ಲೆಕ್ಕ ಹೀಗಿದೆ: ಆರು ಜನ ಇದ್ದರೆ ಬಂದ ಹಣ ಏಳು ಪಾಲು. ಆರು ಸಮಪಾಲು ಜನರಿಗೆ, ಏಳನೆಯದು ರಿಪೇರಿಗೆ, ವ್ಯಾನ್‌ಗೆ. ಕೂಲಿ ಬಿಟ್ಟು ಪ್ರಾಕ್ಟೀಸ್‌ಗೆ ಬರುವವರ ಬಸ್ ಚಾರ್ಜು ಅದರಿಂದಲೇ. ಊಟ ಒಂದೇ ಪಂಕ್ತಿ.

ಮೊದಲ ಕಾರ್ಯಕ್ರಮ ಗಣೇಶನ ಪೆಂಡಾಲೋ, ಯಾರದೋ ಮನೆಯ ನಾಮಕರಣವೋ ಆಗಲಿ. ಹಿಮ್ಮೇಳಕ್ಕೆ ಎರಡು ಮೈಕ್ ಕೇಳಿ ಇಸಿದುಕೊಳ್ಳಿ. ಮೈಕ್ ಸೆಟ್‌ನವರು ಮುಂದಿನ ಹಾಡುಗಾರರ ದನಿ ಏರಿಸಿ ಹಿಂದಿನದನ್ನು ಸುಮ್ನೆ ತಗ್ಗಿಸಿಬಿಡುತ್ತಾರೆ, ಅವರ ಪಕ್ಕ ನಿಮ್ಮವರೊಬ್ಬರು ನಿಂತಿರಲಿ.

ಹೆಸರು? ಬ್ಯಾನರ್ ಪ್ರಿಂಟ್‌ಗೆ ಹೋಗುವ ಹಿಂದಿನ ರಾತ್ರಿ ಇಟ್ಟರೂ ನಡೆಯುತ್ತದೆ. ನಾವು ಹಾಗೇ ಇಟ್ಟೆವು, ಪ್ರಿಂಟಿನವರು ಅದರಲ್ಲೂ ಒಂದು ಒತ್ತಕ್ಷರ ನುಂಗಿದರು.